ಮನೇಲಿ ಮಾಡಿದ ಎಲೆಕ್ಟ್ರಿಕ್ ಗಿಟಾರ್: ತಂತಿ ಎತ್ತರ, ಗುಂಯ್ ಸದ್ದು, ಮಂಕು ಟೋನು, ಇದ್ರಲ್ಲಿ ಮರದ ತಪ್ಪೆಷ್ಟು?

ಪ್ರಶ್ನೆ: ಸರ್, ನಾನು ಬಸವೇಶ್ವರನಗರದವನು. ಮಲ್ಲೇಶ್ವರದಲ್ಲಿದ್ದ ನಮ್ಮ ಅಜ್ಜನ ಮನೆ ಕೆಡವಿದಾಗ ತೇಗದ ಬಾಗಿಲ ಚೌಕಟ್ಟು ಎತ್ತಿಟ್ಕೊಂಡಿದ್ದೆ, ಅದನ್ನ ಮೂರು ತುಂಡು ಮಾಡಿ ಅಂಟಿಸಿ ಎಲೆಕ್ಟ್ರಿಕ್ ಗಿಟಾರ್ ಬಾಡಿ ಮಾಡಿದೀನಿ. ನೆಕ್ ಆನ್‌ಲೈನಲ್ಲಿ ತರಿಸಿದ್ದು, 25.5 ಇಂಚು (648 ಮಿಮೀ) ಸ್ಕೇಲು, ಅಂದ್ರೆ ನುಡಿಯೋ ತಂತಿ ಉದ್ದ, 22 ಫ್ರೆಟ್ಟು, ನಾಲ್ಕು ಸ್ಕ್ರೂ ಹಾಕಿ ಕೂರಿಸೋದು. ಬ್ರಿಡ್ಜು ಟ್ಯೂನ್-ಓ-ಮ್ಯಾಟಿಕ್. ಪಿಕಪ್ (ತಂತಿ ಕಂಪನ ಹಿಡಿಯೋ ಕಾಯಿಲು) ಎರಡು, ಬ್ರಿಡ್ಜ್ ಹತ್ರ ಹಂಬಕರ್, ನೆಕ್ ಹತ್ರ ಸಿಂಗಲ್ ಕಾಯಿಲ್. ವಾಲ್ಯೂಮ್, ಟೋನ್ ಪಾಟ್ (ನಾಬ್ ಕೆಳಗಿರೋ ತಿರುಗಿಸೋ ರೆಸಿಸ್ಟರ್) ಎರಡೂ ಬೆಂಗಳೂರಿನ ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಯಿಂದ ತಂದಿದ್ದು, 100ಕೆ (ಕಿಲೋಓಮ್). ಈಗ ತೊಂದ್ರೆ ಏನಂದ್ರೆ ಬ್ರಿಡ್ಜ್ ಪೂರ್ತಿ ಕೆಳಗಿಳಿಸಿದ್ರೂ 12ನೇ ಫ್ರೆಟ್ ಮೇಲೆ ತಂತಿ 5 ಮಿಮೀ ಎತ್ತರ ನಿಂತಿದೆ. ಲೋ ಇ (ಅತಿ ದಪ್ಪ) ತಂತಿ 12ನೇ ಫ್ರೆಟ್‌ನಲ್ಲಿ 18 ಸೆಂಟ್ ಶಾರ್ಪು (ಶ್ರುತಿ ಏರಿದೆ, 100 ಸೆಂಟ್ ಅಂದ್ರೆ ಅರ್ಧ ಸ್ವರ), ಬ್ರಿಡ್ಜ್ ಮೇಲೆ ತಂತಿ ಕೂರೋ ಸ್ಯಾಡಲ್ ಹಿಂದಕ್ಕೆ ತಳ್ಳಿ ಮುಗಿದಿದೆ, ಇನ್ನು ಜಾಗ ಇಲ್ಲ. ಗುಂಯ್ ಅಂತ ಸದ್ದು, ತಂತಿ ಮುಟ್ಟಿದ್ರೆ ಕಮ್ಮಿ ಆಗತ್ತೆ, ಅಂದ್ರೆ ಅರ್ಥಿಂಗ್ ತಪ್ಪಿದೆ ಅಂತ ಫ್ರೆಂಡ್ ಹೇಳ್ತಾನೆ. ಲ್ಯಾಪ್‌ಟಾಪ್ ಚಾರ್ಜ್‌ಗೆ ಹಾಕಿ ಆಡಿಯೋ ಇಂಟರ್‌ಫೇಸಲ್ಲಿ ನುಡಿಸ್ವಾಗ ಕೈಗೆ ಸಣ್ಣಗೆ ಜುಮ್ ಅನ್ನತ್ತೆ. ಸೌಂಡು ಕಂಬಳಿ ಹೊದಿಸಿದ ಹಾಗೆ ಮಂಕು. ತೇಗ ಗಿಟಾರಿಗೆ ಆಗ್ಬರಲ್ಲ, ಅದಕ್ಕೇ ಹೀಗೆ ಅಂತ ಎಲ್ರೂ ಹೇಳ್ತಿದ್ದಾರೆ. ಭಾರ ಬೇರೆ. ಟ್ರಸ್ ರಾಡ್ (ನೆಕ್ ಒಳಗಿನ ಲೋಹದ ಸಲಾಕೆ) ಬಿಗಿ ಮಾಡು ತಂತಿ ಇಳಿಯತ್ತೆ ಅಂತಾನೂ ಹೇಳಿದ್ರು, ಭಯ ಆಗಿ ಮುಟ್ಟಿಲ್ಲ. ನೆಕ್ ಪಾಕೆಟ್ (ಬಾಡಿಯಲ್ಲಿ ನೆಕ್ ಕೂರೋ ಕುಳಿ) ಉದ್ದ 76 ಮಿಮೀ, ಪಾಕೆಟ್ಟಿನ ಹೊರ ಅಂಚಿಂದ ಬ್ರಿಡ್ಜಿಗೆ 257 ಮಿಮೀ. ಇದನ್ನ ಸರಿ ಮಾಡ್ಬಹುದಾ, ಇಲ್ಲ ಬಿಸಾಕಿ ಬೇರೆ ಮರದಲ್ಲಿ ಹೊಸದಾಗಿ ಶುರು ಮಾಡ್ಲಾ?

ಉತ್ತರ: ಬಿಸಾಕ್ಬೇಡಿ. ನೀವು ಬರೆದಿರೋ ತೊಂದ್ರೆಗಳಲ್ಲಿ ಮರದಿಂದ ಬಂದಿರೋದು ಭಾರ ಒಂದೇ. ಉಳಿದಿದ್ದೆಲ್ಲ ಅಳತೆದು ಮತ್ತೆ ವೈರಿಂಗ್‌ದು, ಎಲ್ಲ ಸರಿ ಹೋಗೋ ಅಂಥದ್ದೇ. ಅಳತೆ ತೆಗೆದು ಬರೆದಿರೋದು ತುಂಬ ಒಳ್ಳೇದಾಯ್ತು, 76 ಮತ್ತೆ 257 ಅಂತ ಎರಡು ನಂಬರ್ ಕೊಟ್ಟಿದ್ದೀರಲ್ಲ, ಅರ್ಧ ಉತ್ತರ ಅದ್ರಲ್ಲೇ ಇದೆ. ಟ್ರಸ್ ರಾಡ್ ಮುಟ್ಟದೇ ಇದ್ದಿದ್ದಂತೂ ಇನ್ನೂ ಒಳ್ಳೇದು, ಯಾಕೆ ಅಂತ ಮುಂದೆ ಹೇಳ್ತೀನಿ.

ಮೊದಲು ಆ ಜುಮ್ ಅನ್ನೋದ್ರ ಬಗ್ಗೆ, ಯಾಕಂದ್ರೆ ಬೇರೆಲ್ಲ ಕಾಯತ್ತೆ ಇದು ಕಾಯಲ್ಲ. ಎರಡು ಪಿನ್ನಿನ ಲ್ಯಾಪ್‌ಟಾಪ್ ಚಾರ್ಜರಿನ ಒಳಗೆ ಫಿಲ್ಟರ್ ಕೆಪ್ಯಾಸಿಟರ್ ಇರತ್ತೆ, ಅದ್ರ ಮೂಲಕ ಒಂಚೂರು ಲೀಕೇಜ್ ಕರೆಂಟು ಲ್ಯಾಪ್‌ಟಾಪಿನ ಮೈಗೆ ಬರತ್ತೆ, ಅಲ್ಲಿಂದ ಯುಎಸ್‌ಬಿ ಕೇಬಲ್ಲು, ಇಂಟರ್‌ಫೇಸು, ಗಿಟಾರ್ ಕೇಬಲ್ಲಿನ ಗ್ರೌಂಡು, ಬ್ರಿಡ್ಜು, ತಂತಿ, ಕೊನೆಗೆ ನಿಮ್ಮ ಬೆರಳು. ಕಂಡುಹಿಡಿಯೋದು ಸುಲಭ, ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ನುಡಿಸಿ ನೋಡಿ. ಜುಮ್ ಅನ್ನೋದೂ ನಿಂತು ಸದ್ದೂ ಇಳಿದ್ರೆ ಕಾರಣ ಚಾರ್ಜರ್. ಅರ್ಥ್ ಇರೋ ಮೂರು ಪಿನ್ನಿನ ಚಾರ್ಜರ್ ಹಾಕಿ, ಸಿಗಲಿಲ್ಲ ಅಂದ್ರೆ ರೆಕಾರ್ಡ್ ಮಾಡೋ ಹೊತ್ತಲ್ಲಿ ಬ್ಯಾಟರಿ ಮೇಲೆ ಕೆಲಸ ಮಾಡಿ. ಆದ್ರೆ ಮೂರು ಪಿನ್ ಪ್ಲಗ್ ಇದ್ದ ಮಾತ್ರಕ್ಕೆ ಅರ್ಥ್ ಇದೆ ಅಂತಲ್ಲ. ನಮ್ಮೂರಿನ ಹಳೇ ಮನೆಗಳಲ್ಲಿ, ಬಾಡಿಗೆ ರೂಮುಗಳಲ್ಲಿ ಸಾಕೆಟ್ಟಿನ ಮೇಲಿನ ದಪ್ಪ ತೂತಿಗೆ ಹಿಂದೆ ವೈರೇ ಇಲ್ಲದೇ ಇರೋದನ್ನ ನಾನು ಕೆಲಸಕ್ಕೆ ಹೋದ ಕಡೆ ಎಷ್ಟೋ ಸಲ ನೋಡಿದೀನಿ. ಎಲೆಕ್ಟ್ರಿಷಿಯನ್ ಕರೆಸಿ ಅರ್ಥ್ ಇದೆಯಾ ಅಂತ ಟೆಸ್ಟ್ ಲ್ಯಾಂಪಲ್ಲಿ ನೋಡಿಸಿ, ಬರೀ ಮೀಟರ್ ಹಿಡಿದ್ರೆ ಸಾಲದು, ಎಲ್ಲಿಗೂ ಸೇರದ ವೈರಲ್ಲೂ ಡಿಜಿಟಲ್ ಮೀಟರ್ ವೋಲ್ಟೇಜ್ ತೋರಿಸ್ಬಿಡತ್ತೆ. ಕೆಲವ್ರು ಸಾಕೆಟ್ ಒಳಗೆ ಅರ್ಥ್ ಪಿನ್ನನ್ನ ನ್ಯೂಟ್ರಲ್‌ಗೆ ಸೇರಿಸಿ "ಆಯ್ತು ಸರ್" ಅಂತ ಹೋಗ್ತಾರೆ. ಅದು ಪ್ರಾಣಕ್ಕೆ ಅಪಾಯ, ಎಲ್ಲೋ ನ್ಯೂಟ್ರಲ್ ಕಟ್ ಆದ ದಿನ ನಿಮ್ಮ ಆಂಪಿನ ಮೈಗೆ, ಅಲ್ಲಿಂದ ತಂತಿಗೆ ನೇರವಾಗಿ 230 ವೋಲ್ಟು ಬರತ್ತೆ. 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಲೀಕ್ ಆದ್ರೆ ತಾನೇ ಟ್ರಿಪ್ ಆಗೋ ಸ್ವಿಚ್ಚು) ಇಲ್ದೇ ಇದ್ರೆ ಅದನ್ನೂ ಹಾಕಿಸಿ. ಹಮ್ (ಗುಂಯ್ ಸದ್ದು) ಕಮ್ಮಿ ಮಾಡಕ್ಕೆ ಅಂತ ಆಂಪಿನ ಅರ್ಥ್ ಪಿನ್ ಕತ್ತರಿಸೋದು, ಅದಕ್ಕೆ ಟೇಪ್ ಸುತ್ತೋದು ಯಾವತ್ತೂ ಬೇಡ.

ಈಗ ತಂತಿ ಎತ್ತರ. ಇದೇ ನಿಮ್ಮ ಮುಖ್ಯ ತೊಂದ್ರೆ, ಮನೇಲಿ ಮೊದಲ ಗಿಟಾರ್ ಮಾಡೋರ ಹತ್ರ ನಾನು ಅತಿ ಹೆಚ್ಚು ನೋಡೋದೂ ಇದನ್ನೇ. ಕಾರಣ ಏನಂದ್ರೆ ಎಲ್ಲರೂ ಗಿಟಾರನ್ನ ಎದುರಿಂದ ನೋಡಿ ಡ್ರಾಯಿಂಗ್ ಮಾಡ್ತಾರೆ, ಶೇಪು, ಪಿಕಪ್ ಜಾಗ, ನಾಬ್ ಜಾಗ ಎಲ್ಲ ಚೆನ್ನಾಗಿ ಬರತ್ತೆ, ಪಕ್ಕದಿಂದ ನೋಡಿದ್ರೆ ಹೇಗಿರತ್ತೆ ಅನ್ನೋ ಡ್ರಾಯಿಂಗ್ ಮಾಡೋದೇ ಇಲ್ಲ. ಗಿಟಾರ್ ನುಡಿಸಕ್ಕೆ ಬರತ್ತೋ ಇಲ್ವೋ ಅನ್ನೋದು ಗೊತ್ತಾಗೋದು ಆ ಪಕ್ಕದ ಡ್ರಾಯಿಂಗಲ್ಲಿ. ಟ್ಯೂನ್-ಓ-ಮ್ಯಾಟಿಕ್ ಬ್ರಿಡ್ಜು ಗಿಬ್ಸನ್ ಥರದ ಗಿಟಾರಿಗೆ ಅಂತ ಹುಟ್ಟಿದ್ದು, ಅಲ್ಲಿ ನೆಕ್ಕು ಕೆಲವು ಡಿಗ್ರಿ ಹಿಂದಕ್ಕೆ ವಾಲಿರತ್ತೆ. ಅದಕ್ಕೇ ಆ ಬ್ರಿಡ್ಜು ಪೂರ್ತಿ ಇಳಿಸಿದ್ರೂ ಬಾಡಿಯಿಂದ ಒಂದೂವರೆ ಸೆಂಟಿಮೀಟರಿಗಿಂತ ಜಾಸ್ತಿನೇ ಎತ್ತರ ನಿಲ್ಲತ್ತೆ. ನೀವು ತರಿಸಿರೋದು ಫೆಂಡರ್ ಥರದ ನೆಕ್ಕು, ಅದು ಬಾಡಿಗೆ ಸಮಾನಾಂತರವಾಗಿ ಕೂರೋದು, ಅದಕ್ಕೆ ತಗ್ಗಾದ ಚಪ್ಪಟೆ ಬ್ರಿಡ್ಜು ಬೇಕು. ನೆಕ್ ಸರಿ ಇದೆ, ಬ್ರಿಡ್ಜೂ ಸರಿ ಇದೆ, ಎರಡಕ್ಕೂ ಜೋಡಿ ಕೂಡ್ತಿಲ್ಲ ಅಷ್ಟೆ.

ಟ್ರಸ್ ರಾಡ್ ಬಿಗಿ ಮಾಡಿದ್ರೆ ತಂತಿ ಇಳಿಯತ್ತೆ ಅನ್ನೋದು ಎಲ್ಲಾ ಕಡೆ ಓಡಾಡೋ ಮಾತು, ನೆಕ್ ಹಾಳು ಮಾಡೋ ಮಾತೂ ಇದೇನೇ. 10–46 ದಪ್ಪದ ತಂತಿ ಸೆಟ್ ಹಾಕಿ ಸ್ಟ್ಯಾಂಡರ್ಡ್ ಟ್ಯೂನಿಂಗ್ ಮಾಡಿದ್ರೆ ಆರೂ ತಂತಿ ಸೇರಿ ಸುಮಾರು 47 ಕೆಜಿ ಎಳೆತ ಇರತ್ತೆ, ಅದಕ್ಕೆ ನೆಕ್ಕು ಬಿಲ್ಲಿನ ಹಾಗೆ ಬಾಗತ್ತೆ, ಆ ಬಾಗು ಎಷ್ಟಿರ್ಬೇಕು ಅಂತ ನಿಗಾ ಇಡಕ್ಕೆ ಟ್ರಸ್ ರಾಡ್ ಇರೋದು. 1ನೇ ಫ್ರೆಟ್ಟಿಗೆ ಕ್ಯಾಪೋ (ತಂತಿ ಒತ್ತಿ ಹಿಡಿಯೋ ಕ್ಲಿಪ್) ಹಾಕಿ, ಕೊನೇ ಫ್ರೆಟ್ ಒತ್ತಿ ಹಿಡ್ಕೊಂಡು 7ನೇ ಫ್ರೆಟ್ ಮೇಲೆ ತಂತಿ ಕೆಳಗೆ ಎಷ್ಟು ಸಂದಿ ಇದೆ ನೋಡಿ, 0.2ರಿಂದ 0.3 ಮಿಮೀ ಇದ್ರೆ ಸರಿ, ಒಂದು ವಿಸಿಟಿಂಗ್ ಕಾರ್ಡ್ ಹೆಚ್ಚುಕಮ್ಮಿ ಅಷ್ಟೇ ದಪ್ಪ, ಅದನ್ನೇ ತೂರಿಸಿ ನೋಡ್ಬಹುದು. ಸಂದಿ ಜಾಸ್ತಿ ಇದ್ರೆ ಕಾಲು ಸುತ್ತು ಬಿಗಿ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅಳೆಯಿರಿ. ರಾಡ್ ಕೆಲಸ ಇಷ್ಟೇ. ನಿಮಗೆ ಇಳಿಸ್ಬೇಕಾಗಿರೋದು 5ರಿಂದ 2ಕ್ಕೆ, ಅಂದ್ರೆ 3 ಮಿಮೀ, ಅದನ್ನ ರಾಡಿಂದ ತೆಗೆಯಕ್ಕೆ ಹೋದ್ರೆ ನೆಕ್ ಹಿಂದಕ್ಕೆ ಬಾಗಿ ಮೊದಲ ಫ್ರೆಟ್‌ಗಳೆಲ್ಲ ಬಝ್ ಆಗತ್ತೆ, ಇನ್ನೂ ಬಲ ಹಾಕಿದ್ರೆ ರಾಡಿನ ನಟ್ ಹೋಗತ್ತೆ ಇಲ್ಲ ರಾಡೇ ಮುರಿಯತ್ತೆ.

ಸರಿ, 3 ಮಿಮೀ ಹೇಗೆ ಇಳಿಸೋದು. 12ನೇ ಫ್ರೆಟ್ಟು ನಟ್ಟಿಗೂ (ನೆಕ್ಕಿನ ತಲೆ ಕಡೆ ತಂತಿ ಕೂರೋ ಪಟ್ಟಿ) ಸ್ಯಾಡಲ್ಲಿಗೂ ನಡುಮಧ್ಯ ಇರೋದು, ಹಾಗಾಗಿ ಅಲ್ಲಿ 3 ಇಳಿಬೇಕು ಅಂದ್ರೆ ಸ್ಯಾಡಲ್ ಹತ್ರ 6 ಮಿಮೀ ಸರಿಹೋಗ್ಬೇಕು. ಬ್ರಿಡ್ಜ್ ಇನ್ನು ಇಳಿಯಲ್ಲ, ಆದ್ರಿಂದ ನೆಕ್ಕನ್ನ ಹಿಂದಕ್ಕೆ ವಾಲಿಸಿ ಫ್ರೆಟ್‌ಬೋರ್ಡಿನ ಗೆರೆ ಬ್ರಿಡ್ಜ್ ಹತ್ರ 6 ಮಿಮೀ ಮೇಲೆ ಬರೋ ಹಾಗೆ ಮಾಡ್ಬೇಕು. ಅದಕ್ಕೆ ಪಾಕೆಟ್ ಒಳಗೆ ಬ್ರಿಡ್ಜ್ ಕಡೆ ತುದಿಗೆ ದಪ್ಪ, ಹೆಡ್‌ಸ್ಟಾಕ್ ಕಡೆಗೆ ತೆಳ್ಳಗೆ ಬರೋ ಒಂದು ಬೆಣೆ. ನಿಮ್ಮ ಅಳತೆ ಪ್ರಕಾರ 257ನ್ನ 76ರಿಂದ ಭಾಗಿಸಿದ್ರೆ 3.4 ಹತ್ರ ಬರತ್ತೆ, ಅಂದ್ರೆ ಬೆಣೆಯ ದಪ್ಪ ತುದೀಲಿ 1 ಮಿಮೀ ಇದ್ರೆ ಬ್ರಿಡ್ಜ್ ಹತ್ರ 3.4 ಮಿಮೀ ಸಿಗತ್ತೆ. 6 ಮಿಮೀ ಬೇಕು ಅಂದ್ರೆ 1.8 ಮಿಮೀ ಬೆಣೆ ಸಾಕು. ಆದ್ರೆ ನಾನಾದ್ರೆ 1.8 ಮಾಡಲ್ಲ, 2.3 ಮಾಡ್ತೀನಿ, ಆಗ ಬ್ರಿಡ್ಜನ್ನ ತಳದಿಂದ ಎರಡು ಮಿಮೀ ಹತ್ರ ಮೇಲೆತ್ತಿ ಇಟ್ಕೊಬಹುದು. ಬ್ರಿಡ್ಜ್ ತಳಕ್ಕೆ ಕೂತು ಆಕ್ಷನ್ (ಫ್ರೆಟ್ ಮೇಲೆ ತಂತಿ ಎತ್ತರ) ಸರಿ ಇದ್ರೆ ನಾಳೆ ಒಂಚೂರು ಇಳಿಸ್ಬೇಕು ಅಂದಾಗ ದಾರಿ ಇರಲ್ಲ, ಎರಡೂ ಕಡೆ ತಿರುಗಿಸಕ್ಕೆ ಜಾಗ ಇರ್ಬೇಕು.

ಬೆಣೆಗೆ ಉಳಿದಿರೋ ತೇಗದ ತುಂಡೇ ಆಗತ್ತೆ. ಪಾಕೆಟ್ ಎಷ್ಟು ಉದ್ದ ಅಗಲ ಇದೆಯೋ ಅಷ್ಟೇ ಅಳತೆಗೆ ಕತ್ತರಿಸಿ, ಡಬಲ್ ಸೈಡ್ ಟೇಪ್ ಹಾಕಿ ಸಣ್ಣ ಹಲಗೆ ತುಂಡಿಗೆ ಅಂಟಿಸಿ, ದಪ್ಪ ಗಾಜಿನ ಮೇಲೆ 120 ನಂಬರ್ ಸ್ಯಾಂಡ್‌ಪೇಪರ್ ಹರಡಿ ಒಂದು ತುದಿಗೆ ಜಾಸ್ತಿ ಒತ್ತು ಕೊಟ್ಟು ಉಜ್ತಾ ಹೋಗಿ, ಮೈಮೇಲೆ ಪೆನ್ಸಿಲಲ್ಲಿ ಅಡ್ಡಗೆರೆ ಹಾಕ್ಕೊಂಡ್ರೆ ಎಲ್ಲಿ ಸವೀತಿದೆ ಅಂತ ಕಾಣತ್ತೆ, ಆಗಾಗ ಡಿಜಿಟಲ್ ವರ್ನಿಯರಲ್ಲಿ ನಾಲ್ಕೂ ಮೂಲೆ ಅಳೀರಿ, ಎಡ ಬಲ ಹೆಚ್ಚುಕಮ್ಮಿ ಆದ್ರೆ ನೆಕ್ ತಿರುಚಿ ಕೂರತ್ತೆ. ತೆಳು ತುದಿ ಸೊನ್ನೆಗೆ ತರಕ್ಕೆ ಹೋದ್ರೆ ಹರಿಯತ್ತೆ, 0.3 ಮಿಮೀ ಉಳಿಸಿ, ದಪ್ಪ ತುದಿಯನ್ನೂ ಅಷ್ಟೇ ಜಾಸ್ತಿ ಮಾಡಿ, ಒಟ್ಟು 2.6. ತೇಗದ ಧೂಳು ಕೆಲವರಿಗೆ ಮೈ ಕಡಿತ ತರತ್ತೆ, ಉಸಿರಿಗೂ ಒಳ್ಳೇದಲ್ಲ, ಮಾಸ್ಕ್ ಹಾಕ್ಕೊಳ್ಳಿ.

ಬೆಣೆ ಹಾಕಿದ್ರೆ ಸಸ್ಟೇನ್ (ಸ್ವರ ಎಷ್ಟು ಹೊತ್ತು ನಿಲ್ಲತ್ತೆ ಅನ್ನೋದು) ಸತ್ತೋಗತ್ತೆ ಅಂತ ಹೇಳೋರು ಖಂಡಿತ ಸಿಗ್ತಾರೆ. ಫೆಂಡರ್ ಕಂಪನಿಯೇ ಫ್ಯಾಕ್ಟರೀಲಿ ಬೆಣೆ ಹಾಕಿ ಗಿಟಾರ್ ಮಾರಿದೆ, 1970ರ ದಶಕದಲ್ಲಂತೂ ನೆಕ್ ವಾಲಿಸೋದಕ್ಕೇ ಅಂತ ಮೈಕ್ರೋ-ಟಿಲ್ಟ್ ಅನ್ನೋ ಸ್ಕ್ರೂ ಕೊಟ್ಟಿದ್ರು. ಪೂರ್ತಿ ಪಾಕೆಟ್ ತುಂಬೋ ಬೆಣೆಯಿಂದ ಸದ್ದಿಗೆ ತೊಂದ್ರೆ ಆಗಿದ್ದನ್ನ ನಾನಂತೂ ಕೇಳಿಲ್ಲ. ತೊಂದ್ರೆ ಬರೋದು ವಿಸಿಟಿಂಗ್ ಕಾರ್ಡ್ ಮಡಚಿ ಒಂದೇ ತುದಿಗೆ ತುರುಕಿದಾಗ, ಮಧ್ಯ ಟೊಳ್ಳು ಉಳಿಯತ್ತೆ, ಸ್ಕ್ರೂ ಎಳೆತಕ್ಕೆ ವರ್ಷಗಳಲ್ಲಿ ನೆಕ್ಕಿನ ಬುಡ ಆ ಟೊಳ್ಳಿನ ಕಡೆ ಬಾಗಿ ಕೊನೇ ಫ್ರೆಟ್‌ಗಳು ಎದ್ದು ನಿಲ್ಲಬಹುದು. ಸಸ್ಟೇನ್ ಬಗ್ಗೆ ನಿಜವಾಗ್ಲೂ ನೋಡ್ಬೇಕಾಗಿರೋದು ಸ್ಕ್ರೂ ತೂತು. ಬಾಡಿಯಲ್ಲಿರೋ ನಾಲ್ಕು ತೂತಲ್ಲಿ ಸ್ಕ್ರೂ ಸಲೀಸಾಗಿ ಜಾರಿ ಹೋಗ್ಬೇಕು, ಸ್ಕ್ರೂ ಮರೆಗಳು (ಥ್ರೆಡ್) ನೆಕ್ಕಲ್ಲಿ ಮಾತ್ರ ಕಚ್ಚಬೇಕು. ಎರಡರಲ್ಲೂ ಕಚ್ಚಿದ್ರೆ ಎಷ್ಟು ತಿರುಗಿಸಿದ್ರೂ ನೆಕ್ಕು ಬಾಡಿಗೆ ಬಿಗಿಯಾಗಿ ಕೂರಲ್ಲ. ಬೆಣೆ ಸೇರಿದ್ಮೇಲೆ ಸ್ಕ್ರೂ ಉದ್ದ ಸಾಲತ್ತಾ ಅಂತಾನೂ ನೋಡ್ಕೊಳ್ಳಿ, ನೆಕ್ ಒಳಗೆ 15 ಮಿಮೀಗಿಂತ ಕಮ್ಮಿ ಹೋಗ್ಬಾರದು, ಹಾಗೇ ಉದ್ದದ ಸ್ಕ್ರೂ ಹಾಕೋ ಆತುರದಲ್ಲಿ ಫ್ರೆಟ್‌ಬೋರ್ಡ್ ತೂತಾಗ್ಬಾರದು.

ಬೇರೆ ದಾರಿಗಳೂ ಇದಾವೆ. ಬ್ರಿಡ್ಜ್ ಬದಲಾಯಿಸಿ ಚಪ್ಪಟೆ ಹಾರ್ಡ್‌ಟೇಲ್ ಹಾಕ್ಬಹುದು, ಆದ್ರೆ ಬ್ರಿಡ್ಜ್ ನಿಲ್ಲಿಸಿರೋ ಸ್ಟಡ್ಡಿನ ಹಳೇ ತೂತು ಎರಡು, ಟೇಲ್‌ಪೀಸ್ ತೂತು ಎರಡು ಮುಚ್ಚಬೇಕು, ಗುರುತು ಕಾಣತ್ತೆ, ಖರ್ಚೂ ಹೊಸದು. ಬ್ರಿಡ್ಜ್ ಕೆಳಗೆ ರೌಟರಲ್ಲಿ ಕುಳಿ ತೆಗೆದು ಮುಳುಗಿಸಬಹುದು, ನೋಡಕ್ಕೆ ಚೆನ್ನಾಗಿರತ್ತೆ, ಕೈ ಜಾರಿದ್ರೆ ಬಾಡಿ ಮುಖವೇ ಹೋಯ್ತು. ಪಾಕೆಟ್ಟಿನ ತಳವನ್ನೇ ಓರೆಯಾಗಿ ಕೊರೆಯೋದು ಎಲ್ಲಕ್ಕಿಂತ ಪಕ್ಕಾ ಕೆಲಸ, ಆದ್ರೆ ತೆಗೆದ ಮರ ವಾಪಸ್ ಬರಲ್ಲ, ಮೊದಲ ಗಿಟಾರಲ್ಲಿ ಇದಕ್ಕೆ ಕೈ ಹಾಕಿ ಅಂತ ನಾನು ಯಾರಿಗೂ ಹೇಳಲ್ಲ. ಬೆಣೆ ಸರಿ ಬರ್ಲಿಲ್ಲ ಅಂದ್ರೆ ಇನ್ನೊಂದು ಮಾಡ್ಬಹುದು, ಅದಕ್ಕೇ ನನ್ನ ಓಟು ಬೆಣೆಗೆ.

ಬೆಣೆ ಹಾಕಿ ತಂತಿ ಕಟ್ಟಿದ್ಮೇಲೆ 12ನೇ ಫ್ರೆಟ್ಟಲ್ಲಿ ಲೋ ಇ 2 ಮಿಮೀ, ಹೈ ಇ 1.5 ಮಿಮೀ ಇಟ್ಟು ಶುರು ಮಾಡಿ. ನಟ್ ಕೂಡ ನೋಡಿ, 2ನೇ ಮತ್ತೆ 3ನೇ ಫ್ರೆಟ್ ನಡುವೆ ತಂತಿ ಒತ್ತಿ ಹಿಡಿದಾಗ 1ನೇ ಫ್ರೆಟ್ ಮೇಲೆ ಕಾಗದದಷ್ಟು ಸಂದಿ ಉಳಿದ್ರೆ ಸಾಕು. ಜಾಸ್ತಿ ಇದ್ರೆ ಓಪನ್ ಕಾರ್ಡೆಲ್ಲ ಶಾರ್ಪ್ ಕೇಳತ್ತೆ, ಜನ ಅದನ್ನೂ ಬ್ರಿಡ್ಜ್ ಮೇಲೆ ಹಾಕ್ತಾರೆ. ನಟ್ ಫೈಲ್ ಸೆಟ್ ದುಬಾರಿ, ವೆಲ್ಡಿಂಗ್ ಸಾಮಾನು ಮಾರೋ ಅಂಗಡೀಲಿ ಗ್ಯಾಸ್ ನಾಝಲ್ ಕ್ಲೀನ್ ಮಾಡೋ ತಂತಿಗಳ ಸೆಟ್ ಸಿಗತ್ತೆ, ಬೇರೆ ಬೇರೆ ದಪ್ಪದ್ದು ಇರತ್ತೆ, ನಿಧಾನಕ್ಕೆ ಉಜ್ಜಿದ್ರೆ ಕೆಲಸ ಆಗತ್ತೆ. ಒಂದೆರಡು ಉಜ್ಜು, ತಂತಿ ಕೂರಿಸಿ ನೋಡು, ಮತ್ತೆ ಒಂದೆರಡು ಉಜ್ಜು, ಹಾಗೆ.

ಇನ್ನು ಆ 18 ಸೆಂಟು. ಇದನ್ನ ನೀವು ಆಕ್ಷನ್ ಸರಿ ಮಾಡೋ ಮುಂಚೆ ಅಳೆದಿದ್ದೀರಿ, ಹಾಗಾಗಿ ಆ ನಂಬರ್ ಈಗಲೇ ನಂಬ್ಬೇಡಿ. 5 ಮಿಮೀ ಎತ್ತರದ ತಂತಿಯನ್ನ ಫ್ರೆಟ್ಟಿಗೆ ಒತ್ತಿದಾಗ ಅದು ಎಳೆದುಕೊಳ್ಳತ್ತೆ, ಬಿಗಿ ಜಾಸ್ತಿ ಆಗಿ ಶಾರ್ಪ್ ಬರತ್ತೆ. ಎತ್ತರ ಇಳಿಸಿದ್ರೆ ಒಂದಷ್ಟು ತಾನಾಗೇ ಹೋಗತ್ತೆ. ಉಳಿದಿದ್ದಕ್ಕೆ ಕಾರಣ ಬಹುಶಃ ಬ್ರಿಡ್ಜನ್ನ ನೇರವಾಗಿ 648 ಮಿಮೀ ಗೆರೆ ಮೇಲೇ ಕೂರಿಸಿದ್ದು. ಸ್ಕೇಲು 648 ಅಂದ್ರೆ ಫ್ರೆಟ್‌ಗಳ ಲೆಕ್ಕಕ್ಕೆ ಅಷ್ಟು. ಆದ್ರೆ ತಂತಿಗೆ ದಪ್ಪ ಇದೆ, ಒತ್ತಿದಾಗ ಎಳೆತ ಇದೆ, ಅದನ್ನ ಸರಿದೂಗಿಸಕ್ಕೆ ಸ್ಯಾಡಲ್ಲು ಆ ಗೆರೆಗಿಂತ ಹಿಂದೆ ಇರ್ಬೇಕು, ಹೈ ಇಗೆ 1–2 ಮಿಮೀ, ಲೋ ಇಗೆ 3–5 ಮಿಮೀ. ಟ್ಯೂನ್-ಓ-ಮ್ಯಾಟಿಕ್ ಬ್ರಿಡ್ಜ್ ಸ್ವಲ್ಪ ಓರೆಯಾಗಿ ಕೂತಿರೋದು ಈ ಕಾರಣಕ್ಕೆ. ನಮ್ಮ ವೀಣೆಯಲ್ಲಿ 24 ಮೆಟ್ಟಿಲನ್ನೂ ಮೇಣದಲ್ಲಿ ಕೂರಿಸಿರ್ತಾರೆ, ಶ್ರುತಿ ಹೋದ್ರೆ ಮೇಣ ಮಾಡಿಸಿ ಒಂದೊಂದು ಮೆಟ್ಟಿಲನ್ನೂ ಕಿವಿಗೆ ಕೇಳ್ಕೊಂಡು ಹೊಸದಾಗಿ ಕೂರಿಸ್ತಾರೆ, ಗಿಟಾರಲ್ಲಿ ಫ್ರೆಟ್ಟು ಬಡಿದು ಕೂತಾಯ್ತು, ಅಲ್ಲಾಡಿಸಕ್ಕೆ ಇರೋದು ಸ್ಯಾಡಲ್ ಒಂದೇ.

ಒಂದು ಲೆಕ್ಕ ನೆನಪಿಟ್ಕೊಳ್ಳಿ, ಈ ಸ್ಕೇಲಲ್ಲಿ ಸ್ಯಾಡಲ್ 1 ಮಿಮೀ ಹಿಂದೆ ಹೋದ್ರೆ 12ನೇ ಫ್ರೆಟ್ಟಲ್ಲಿ ಸುಮಾರು 2.7 ಸೆಂಟ್ ಇಳಿಯತ್ತೆ. ಆಕ್ಷನ್ ಇಳಿಸಿ, ಹೊಸ ತಂತಿ ಹಾಕಿ ಅಳೆದಾಗ 5 ಸೆಂಟ್ ಉಳಿದ್ರೆ 2 ಮಿಮೀ ಬೇಕು ಅಂತ ಅರ್ಥ, ಆಗ ಲೋ ಇ ಸ್ಯಾಡಲ್ಲನ್ನ ತೆಗೆದು ತಿರುಗಿಸಿ ಹಾಕಿ, ಅದ್ರ ಅಂಚು ಒಂದು ಕಡೆಗೆ ಇರೋದ್ರಿಂದ ತಿರುಗಿಸಿದ್ರೆ ಒಂದಷ್ಟು ಜಾಗ ಸಿಗತ್ತೆ, ಇಲ್ಲಾಂದ್ರೆ ಅಗಲದ ನ್ಯಾಶ್‌ವಿಲ್ ಮಾದರಿ ಬ್ರಿಡ್ಜ್ ನೋಡಿ, ಅದ್ರಲ್ಲಿ ಸ್ಯಾಡಲ್ ಓಡಾಡೋ ಜಾಗ ಜಾಸ್ತಿ, ಆದ್ರೆ ತರಿಸೋ ಮುಂಚೆ ಸ್ಟಡ್ ನಡುವಿನ ದೂರ ಮತ್ತೆ ಸ್ಟಡ್ ದಪ್ಪ ಎರಡೂ ಅಳೀರಿ. 10 ಸೆಂಟ್‌ಗಿಂತ ಜಾಸ್ತಿ ಉಳಿದ್ರೆ ಲೋ ಇ ಕಡೆ ಸ್ಟಡ್ ತೂತಿಗೆ ಗಟ್ಟಿ ಮರದ ಗೂಟ ಅಂಟಿಸಿ, ಒಣಗಿದ್ಮೇಲೆ ಹಿಂದೆ ಸರಿಸಿ ಹೊಸ ತೂತು. ಅದನ್ನ ಮಾತ್ರ ಡ್ರಿಲ್ ಸ್ಟ್ಯಾಂಡಲ್ಲಿ ಮಾಡಿ, ಕೈಯಲ್ಲಿ ಹಿಡಿದು ಮಾಡಿದ್ರೆ ಸ್ಟಡ್ ವಾಲತ್ತೆ. ತೇಗದಲ್ಲಿ ಎಣ್ಣೆ ಅಂಶ ಇರೋದ್ರಿಂದ ಅಂಟು ಹಾಕೋಕ್ಕೆ ಸ್ವಲ್ಪ ಮುಂಚೆ ಅಸಿಟೋನಲ್ಲಿ ಒರೆಸ್ಬೇಕು, ಬಾಡಿಯ ಮೂರು ತುಂಡು ಅಂಟಿಸ್ವಾಗ ಹಾಗೆ ಮಾಡಿರದಿದ್ರೆ ಆ ಜೋಡಣೆ ಗೆರೆಗಳ ಮೇಲೂ ಒಂದು ಕಣ್ಣಿರಲಿ.

ಈಗ ಮಂಕು ಸೌಂಡು, ತೇಗದ ಮೇಲಿನ ಆರೋಪ. ಪಾಟ್ 100ಕೆ ಅಂತ ಬರೆದಿದ್ದೀರಲ್ಲ, ಅದನ್ನ ಓದಿದ ಕೂಡಲೇ ಗೊತ್ತಾಯ್ತು. ಪಿಕಪ್ ಅಂದ್ರೆ ಸಾವಿರಾರು ಸುತ್ತಿನ ತೆಳು ತಾಮ್ರದ ಕಾಯಿಲು, ಅದ್ರ ಹೊಳಪೆಲ್ಲ ಇರೋದು ಕೆಲವು ಸಾವಿರ ಹರ್ಟ್ಸ್ ಹತ್ರ ಬರೋ ಒಂದು ಏರಿನಲ್ಲಿ, ಅದಕ್ಕೆ ಲೋಡ್ ಜಾಸ್ತಿ ಆದ್ರೆ ಆ ಏರು ಕುಸಿಯತ್ತೆ. ಸಿಂಗಲ್ ಕಾಯಿಲಿಗೆ 250ಕೆ, ಹಂಬಕರಿಗೆ 500ಕೆ ಹಾಕೋದು ರೂಢಿ. ನಿಮ್ಮಲ್ಲಿ ವಾಲ್ಯೂಮ್ 100ಕೆ, ಟೋನ್ 100ಕೆ, ಮೇಲಿನ ಸ್ವರಗಳ ಮಟ್ಟಿಗೆ ಎರಡೂ ಪ್ಯಾರಲಲ್ ಆಗಿ 50ಕೆ ಲೋಡು. 500ಕೆ ಎರಡು ಹಾಕಿದ್ರೆ 250ಕೆ ಆಗತ್ತೆ, ವ್ಯತ್ಯಾಸ ಮೊದಲ ಸ್ವರದಲ್ಲೇ ಕೇಳತ್ತೆ. ಹಂಬಕರ್ ಇರೋದ್ರಿಂದ 500ಕೆ ತಗೊಳ್ಳಿ, ಟೋನ್ ಕೆಪ್ಯಾಸಿಟರ್ 0.022 ಮೈಕ್ರೋಫ್ಯಾರಡ್, ನೆಕ್ ಪಿಕಪ್ ಚುಚ್ಚೋ ಹಾಗೆ ಕೇಳಿದ್ರೆ ಟೋನ್ ಸ್ವಲ್ಪ ಇಳಿಸ್ಕೊಂಡ್ರಾಯ್ತು. ಎಸ್‌ಪಿ ರೋಡಲ್ಲಿ ಬರೀ ಪಾಟ್ ಅಂತ ಕೇಳಿದ್ರೆ ಲೀನಿಯರ್ ಕೊಡ್ತಾರೆ, ಮೇಲೆ ಬಿ ಅಂತ ಇರತ್ತೆ, ನೀವು ಲಾಗ್ ಅಂತ ಕೇಳಿ ಎ ಅಕ್ಷರ ನೋಡಿ ತಗೊಳ್ಳಿ, ವಾಲ್ಯೂಮ್ ಆಗ ಕಿವಿಗೆ ಸಮನಾಗಿ ಏರಿಳಿಯತ್ತೆ. ನಾಬ್ ಕೂರತ್ತಾ ಅಂತ ಶಾಫ್ಟ್ ಕೂಡ ನೋಡಿ.

ಅದ್ರ ಜೊತೆಗೆ ಇಂಟರ್‌ಫೇಸಲ್ಲಿ ಇನ್‌ಸ್ಟ್ರುಮೆಂಟ್ ಅಥವಾ ಹೈ-ಝಡ್ ಅನ್ನೋ ಸ್ವಿಚ್ ಆನ್ ಇದೆಯಾ ನೋಡಿ. ಅದು ಆನ್ ಇದ್ರೆ ಒಳಗಿನ ಇಂಪಿಡೆನ್ಸ್ ಸಾಮಾನ್ಯವಾಗಿ 1 ಮೆಗಾಓಮ್ ಆಸುಪಾಸು, ಲೈನ್ ಇನ್‌ಪುಟ್ಟಿಗೆ ಚುಚ್ಚಿದ್ರೆ ಬರೀ ಹತ್ತಾರು ಕಿಲೋಓಮ್, ಮತ್ತೆ ಅದೇ ಮಂಕು.

ಮರಕ್ಕೂ ಸೌಂಡಿಗೂ ಸಂಬಂಧನೇ ಇಲ್ಲ ಅಂತ ನಾನು ಹೇಳ್ತಿಲ್ಲ, ಬೆರಳಿಗೆ ತಗಲೋ ಕಂಪನ, ಸ್ವರ ಎಷ್ಟು ಹೊತ್ತು ನಿಲ್ಲತ್ತೆ ಅನ್ನೋದ್ರಲ್ಲಿ ಸ್ವಲ್ಪ ಪಾಲು ಅದಕ್ಕೂ ಇರತ್ತೆ. ಆದ್ರೆ 100ಕೆ ಪಾಟ್ ಹಾಕಿದ ಗಿಟಾರಲ್ಲಿ ಮರದ ಬಗ್ಗೆ ತೀರ್ಪು ಕೊಡಕ್ಕಾಗಲ್ಲ. ಇಂಗ್ಲೆಂಡಿನ ಗಿಟಾರಿಸ್ಟ್ ಬ್ರಿಯಾನ್ ಮೇ ಮತ್ತೆ ಅವರ ತಂದೆ 1963ರಲ್ಲಿ ಮನೇಲೇ ಗಿಟಾರ್ ಮಾಡಕ್ಕೆ ಶುರು ಮಾಡಿದಾಗ ನೆಕ್ಕಿಗೆ ತಗೊಂಡಿದ್ದು ಹಳೇ ಬೆಂಕಿಗೂಡಿನ ಮೇಲಿನ ಮಹಾಗನಿ ಹಲಗೆ, ಬಾಡಿಗೆ ಬಹುಪಾಲು ಬ್ಲಾಕ್‌ಬೋರ್ಡ್ (ಮಧ್ಯ ಮರದ ಪಟ್ಟಿ ಇಟ್ಟು ಅಂಟಿಸಿದ ಪ್ಲೈವುಡ್ ಥರದ ಹಲಗೆ), ಟ್ರೆಮೋಲೋಗೆ ಮೋಟಾರ್‌ಸೈಕಲ್ ಎಂಜಿನ್ನಿನ ವಾಲ್ವ್ ಸ್ಪ್ರಿಂಗು. ಆಮೇಲೆ ಕ್ವೀನ್ ಬ್ಯಾಂಡಲ್ಲಿ ದಶಕಗಟ್ಟಲೆ ನುಡಿಸಿದ್ದು ಅದೇ ಗಿಟಾರು. ನಿಮ್ಮ ತೇಗ ಹತ್ತಾರು ವರ್ಷ ಒಣಗಿದ ಮರ, ಇನ್ನು ತಿರುಚೋದು ಸೀಳೋದು ತುಂಬ ಕಮ್ಮಿ, ಹೊಸದಾಗಿ ದುಡ್ಡು ಕೊಟ್ರೂ ಅಂಥದ್ದು ಸುಲಭಕ್ಕೆ ಸಿಗಲ್ಲ.

ಗುಂಯ್ ಸದ್ದಿಗೆ ಬರೋಣ. ತಂತಿ ಮುಟ್ಟಿದ್ರೆ ಸದ್ದು ಕಮ್ಮಿ ಆಗತ್ತೆ ಅಂದ್ರೆ ತಂತಿ ಗ್ರೌಂಡಿಗೆ ಸರಿಯಾಗಿ ಸೇರಿದೆ ಅಂತ ಅರ್ಥ, ನಿಮ್ಮ ಫ್ರೆಂಡ್ ಹೇಳಿದ್ದು ಉಲ್ಟಾ. ರೂಮಿನ ವೈರಿಂಗಿಂದ ಬರೋ ಎಲೆಕ್ಟ್ರಿಕ್ ಫೀಲ್ಡನ್ನ ನಮ್ಮ ಮೈ ಆಂಟೆನಾ ಥರ ಹಿಡಿದು ಗಿಟಾರ್ ಒಳಗಿನ ಮುಚ್ಚದೇ ಇರೋ ವೈರಿಗೆ ದಾಟಿಸತ್ತೆ, ತಂತಿ ಮುಟ್ಟಿದಾಗ ಮೈಯೇ ಗ್ರೌಂಡಿಗೆ ಸೇರಿ ಅದು ನಿಲ್ಲತ್ತೆ. ಮುಟ್ಟಿದಾಗ ಜಾಸ್ತಿ ಆದ್ರೆ ಮಾತ್ರ ಜ್ಯಾಕಲ್ಲಿ ಎರಡು ವೈರು ಅದಲುಬದಲು ಆಗಿದೆ ಅಂತ ಅನುಮಾನ ಪಡ್ಬೇಕು. ಇದಕ್ಕೆ ಮದ್ದು ಶೀಲ್ಡಿಂಗ್, ಕಂಟ್ರೋಲ್ ಕ್ಯಾವಿಟಿ, ಪಿಕಪ್ ಕುಳಿ, ಹಿಂದಿನ ಮುಚ್ಚಳದ ಒಳಮೈ ಎಲ್ಲದಕ್ಕೂ ತಾಮ್ರದ ಟೇಪ್ ಅಂಟಿಸಿ. ತುಂಡು ತುಂಡಿಗೆ ಸಂಪರ್ಕ ಇದೆಯಾ ಅಂತ ಮಲ್ಟಿಮೀಟರಲ್ಲಿ ಬೀಪ್ ನೋಡಿ, ಕೆಲವು ಟೇಪಿನ ಗೋಂದು ಕರೆಂಟ್ ಹಾಯಿಸಲ್ಲ, ಅಂಥ ಕಡೆ ಒಂದೊಂದು ಚುಕ್ಕಿ ಸೋಲ್ಡರ್ ಇಡಿ. ಆಮೇಲೆ ಇಡೀ ಶೀಲ್ಡನ್ನ ಒಂದು ವೈರಲ್ಲಿ ವಾಲ್ಯೂಮ್ ಪಾಟಿನ ಬೆನ್ನಿಗೆ ಸೇರಿಸಿ. ಅಡುಗೆಮನೆ ಅಲ್ಯೂಮಿನಿಯಂ ಫಾಯಿಲೂ ಕೆಲಸ ಮಾಡತ್ತೆ, ಆದ್ರೆ ಸೋಲ್ಡರ್ ಹಿಡಿಯಲ್ಲ, ಸ್ಕ್ರೂ ಹಾಕಿ ಲಗ್ ಕಚ್ಚಿಸ್ಬೇಕು. ಸಿಗ್ನಲ್ ಇರೋ ತುದಿಗಳು ಶೀಲ್ಡಿಗೆ ತಾಗಿದ್ರೆ ಗಿಟಾರ್ ಪೂರ್ತಿ ಮೂಕ ಆಗತ್ತೆ, ಜ್ಯಾಕ್ ಹತ್ರ ಇದು ಜಾಸ್ತಿ ಆಗೋದು, ಅಲ್ಲಿ ಒಂದು ಸುತ್ತು ಇನ್ಸುಲೇಷನ್ ಟೇಪ್ ಹಾಕಿ.

ಆದ್ರೆ ಶೀಲ್ಡಿಂಗ್ ಎಲ್ಲಾ ಸದ್ದನ್ನೂ ತೆಗೆಯತ್ತೆ ಅಂತ ಅಂದ್ಕೋಬೇಡಿ. ಝರ್ ಅಂತ ಒರಟಾಗಿ ಕೇಳೋದು ಅದ್ರಿಂದ ಹೋಗತ್ತೆ. ನೆಕ್ಕಿನ ಸಿಂಗಲ್ ಕಾಯಿಲಲ್ಲಿ ದಪ್ಪಗೆ ಗುಂಯ್ ಅನ್ನೋದು 50 ಹರ್ಟ್ಸಿನ ಮ್ಯಾಗ್ನೆಟಿಕ್ ಹಮ್ಮು, ಟ್ರಾನ್ಸ್‌ಫಾರ್ಮರಿಂದ ಬರೋದು, ತಾಮ್ರದ ಟೇಪ್ ಅದನ್ನ ತಡೆಯಲ್ಲ. ಸೇತ್ ಲವರ್ 1955ರಲ್ಲಿ ಗಿಬ್ಸನ್‌ನಲ್ಲಿ ಹಂಬಕರ್ ಮಾಡಿದ್ದೇ ಇದಕ್ಕೆ, ಎರಡು ಕಾಯಿಲು, ಸುತ್ತೂ ಉಲ್ಟಾ ಅಯಸ್ಕಾಂತವೂ ಉಲ್ಟಾ, ತಂತಿಯ ಸಿಗ್ನಲ್ ಕೂಡ್ಕೊಳ್ಳತ್ತೆ ಹಮ್ ಕಳೆದುಹೋಗತ್ತೆ. ಪರೀಕ್ಷೆ ಮಾಡಕ್ಕೆ ನೆಕ್ ಪಿಕಪ್ ಆನ್ ಇಟ್ಕೊಂಡು ಕೂತಲ್ಲೇ ನಿಧಾನಕ್ಕೆ ತಿರುಗಿ, ಒಂದು ದಿಕ್ಕಲ್ಲಿ ಸದ್ದು ಕಮ್ಮಿ ಆಗತ್ತೆ, ಆಗತ್ತೆ ಅಂದ್ರೆ ಅದು ಮ್ಯಾಗ್ನೆಟಿಕ್. ಆಂಪು, ಯುಪಿಎಸ್, ಅಡಾಪ್ಟರುಗಳಿಂದ ದೂರ ಕೂರೋದು, ಇಲ್ಲ ಅದೇ ಅಳತೆಯಲ್ಲಿ ಬರೋ ಹಮ್ ಇಲ್ಲದ ಪಿಕಪ್ ಹಾಕೋದು, ಎರಡೇ ದಾರಿ. ಫ್ಯಾನಿನ ರೆಗ್ಯುಲೇಟರ್ ಗುಂಡಗೆ ತಿರುಗಿಸೋ ಹಳೇ ಎಲೆಕ್ಟ್ರಾನಿಕ್ ಡಿಮ್ಮರ್ ಥರದ್ದಾದ್ರೆ ಅದನ್ನ ಆಫ್ ಮಾಡಿ ಕೇಳಿ, ಅಗ್ಗದ ಎಲ್‌ಇಡಿ ಬಲ್ಬೂ ಆಫ್ ಮಾಡಿ ಕೇಳಿ. ಕರೆಂಟ್ ಹೋದಾಗ ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ನುಡಿಸಿದ್ರೆ ಎಂಥ ಗಿಟಾರೂ ಗೊರಗುಟ್ಟತ್ತೆ, ಅದನ್ನ ಲೆಕ್ಕಕ್ಕೆ ತಗೋಬೇಡಿ.

ಭಾರದ ವಿಷಯ. ಸಾಮಾನ್ಯವಾಗಿ ಬಳಸೋ ಆಲ್ಡರ್ ಮರಕ್ಕಿಂತ ತೇಗ ತೂಕ, ಅದೇ ಅಳತೆಯ ಬಾಡಿಯಲ್ಲಿ ಮುಕ್ಕಾಲರಿಂದ ಒಂದು ಕೆಜಿ ಜಾಸ್ತಿ ಬರತ್ತೆ. ಹೊಟ್ಟೆ ತಾಗೋ ಕಡೆ, ಮುಂಗೈ ಇಡೋ ಕಡೆ ಕೆತ್ತಿ ಓರೆ ಮಾಡಿದ್ರೆ ಸ್ವಲ್ಪ ಇಳಿಯತ್ತೆ, ಜೊತೆಗೆ ನುಡಿಸಕ್ಕೂ ಹಾಯಾಗಿರತ್ತೆ. ಹಿಂದಿಂದ ಟೊಳ್ಳು ಕೊರೆಯೋದು ಈಗ ಬೇಡ. ಅಗಲ ಚರ್ಮದ ಸ್ಟ್ರಾಪ್ ತಗೊಳ್ಳಿ. ಕೆತ್ತೋ ಮುಂಚೆ ಅಯಸ್ಕಾಂತ ಓಡಿಸಿ ನೋಡಿ, ಹಳೇ ಚೌಕಟ್ಟಲ್ಲಿ ತಲೆ ಮುರಿದ ಮೊಳೆ ಒಳಗೇ ಉಳಿದಿರತ್ತೆ, ರೌಟರ್ ಬಿಟ್ ಅದಕ್ಕೆ ಬಡಿದ್ರೆ ಬಿಟ್ಟೂ ಹೋಗತ್ತೆ ಕೈಗೂ ಅಪಾಯ.

ಕೆಲಸದ ಕ್ರಮ ಮಾತ್ರ ತಪ್ಪಿಸ್ಬೇಡಿ, ನೆಕ್ಕಿನ ಬಾಗು, ಬೆಣೆ, ನಟ್ಟು, ಆಕ್ಷನ್, ಅದಾದ್ಮೇಲೇ ಇಂಟೋನೇಷನ್ (ಸ್ಯಾಡಲ್ ಸರಿಸಿ ಶ್ರುತಿ ಕೂಡಿಸೋದು), ಆಮೇಲೆ ಪಿಕಪ್ ಎತ್ತರ, ಯಾಕಂದ್ರೆ ನೆಕ್ ವಾಲಿಸಿದಾಗ ತಂತಿಗೂ ಪಿಕಪ್ಪಿಗೂ ಇರೋ ಅಂತರ ಬದಲಾಗತ್ತೆ, ಕೊನೇ ಫ್ರೆಟ್ ಒತ್ತಿ 2ರಿಂದ 2.5 ಮಿಮೀ ಬರೋ ಹಾಗೆ ಪಿಕಪ್ ಎತ್ತರ ಸರಿ ಮಾಡಿ. ಪಾಟ್ ಮತ್ತೆ ಶೀಲ್ಡಿಂಗ್ ಕೆಲಸ ತಂತಿ ಬಿಚ್ಚಿರ್ವಾಗಲೇ ಮುಗಿಸ್ಕೊಂಡ್ರೆ ಎರಡೆರಡು ಸಲ ಬಿಚ್ಚೋ ಕಷ್ಟ ಇರಲ್ಲ. ಬೆಂಗಳೂರಲ್ಲಿ ಫೆಬ್ರವರಿ-ಮಾರ್ಚಿನ ಒಣ ಹವೆಗೂ ಮಳೆಗಾಲದ ತೇವಕ್ಕೂ ನೆಕ್ಕಿನ ಬಾಗು ಬದಲಾಗತ್ತೆ, ಜೂನ್ ಕಳೆದ್ಮೇಲೆ ಇನ್ನೊಂದು ಸಲ ವಿಸಿಟಿಂಗ್ ಕಾರ್ಡ್ ತೂರಿಸಿ ನೋಡಿ.

ಎರಡನೇ ಗಿಟಾರ್ ಮಾಡೋ ಮನಸ್ಸಿದ್ರೆ ಸಿಲ್ವರ್ ಓಕ್ ನೋಡಿ, ಕೊಡಗು ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನೆರಳಿಗೆ ಬೆಳೆಸೋ ಮರ, ತೇಗಕ್ಕಿಂತ ಹಗುರ, ಕೆತ್ತಕ್ಕೂ ಸಲೀಸು, ಮೈಸೂರು ರೋಡಿನ ಟಿಂಬರ್ ಯಾರ್ಡ್ ಲೇಔಟ್ ಕಡೆ ವಿಚಾರಿಸಿ. ಆದ್ರೆ ಹಸಿ ಮರ ತರ್ಬೇಡಿ, ತೇವಾಂಶ 8–12 ಪರ್ಸೆಂಟ್ ಇರೋದನ್ನ ಮೀಟರ್ ಹಚ್ಚಿ ನೋಡಿ ತಗೊಳ್ಳಿ. ಮರಕ್ಕೆ ಗರಗಸ ಹಾಕೋ ಮುಂಚೆ ನೆಕ್ಕೂ ಬ್ರಿಡ್ಜೂ ಎರಡೂ ಕೈಯಲ್ಲಿರ್ಬೇಕು, ಅವನ್ನ ಅಳೆದು, ಒಂದು ಉದ್ದದ ಕಾಗದದ ಮೇಲೆ ಪಕ್ಕದಿಂದ ನೋಡಿದ ಹಾಗೆ ನಿಜವಾದ ಅಳತೇಲಿ ಬಾಡಿ, ಪಾಕೆಟ್, ಫ್ರೆಟ್‌ಬೋರ್ಡ್ ಬರೆದು, ಬ್ರಿಡ್ಜನ್ನ ಅದು ಏರಿಳಿಯೋ ಎತ್ತರದ ನಡುಮಧ್ಯ ಇಟ್ಟು, ನಟ್ಟಿಂದ ಸ್ಯಾಡಲ್ಲಿಗೆ ಗೆರೆ ಎಳೆದು ನೋಡಿ. ಆ ಗೆರೆ 12ನೇ ಫ್ರೆಟ್ ಮೇಲೆ 2 ಮಿಮೀ ಅಂತರದಲ್ಲಿ ಹಾದು ಹೋದ್ರೆ ಆಮೇಲೆ ಮರ ತರಕ್ಕೆ ಹೋಗಿ.